ಸೆಕ್ಸ್ ಥೆರಪಿಸ್ಟ್ ಆಗಬೇಕೆಂದವರಿಗೆ: ಓದು, ತರಬೇತಿ ಮತ್ತು ಕೋಣೆಯೊಳಗಿನ ಕೆಲಸ

ಲೈಂಗಿಕ ಮತ್ತು ಸಂಬಂಧ ಚಿಕಿತ್ಸೆಯ ಬಹುಪಾಲು ಮಾತಿನಲ್ಲೇ ನಡೆಯುತ್ತದೆ. ಇಲ್ಲಿ ಮುಟ್ಟುವುದಿಲ್ಲ, ಬಟ್ಟೆ ತೆಗೆಸುವುದಿಲ್ಲ, ಏನನ್ನೂ ಮಾಡಿ ತೋರಿಸುವುದಿಲ್ಲ. ದೇಹ ಪರೀಕ್ಷೆ ಬೇಕಾದರೆ ಅದು ವೈದ್ಯರ ಬಳಿ, ಬೇರೆ ಜಾಗದಲ್ಲಿ ನಡೆಯುತ್ತದೆ. ಹಾಸಿಗೆಯಲ್ಲಿ ಏನಾಗುತ್ತಿದೆ, ಏನಾಗುತ್ತಿಲ್ಲ ಎಂಬುದನ್ನು ಬಂದವರು ಬಾಯಿಬಿಟ್ಟು ಹೇಳುವಂತೆ ಮಾಡುವುದು, ಕಾರಣ ಹುಡುಕುವುದು, ಮನೆಯಲ್ಲಿ ಮಾಡಲು ಅಭ್ಯಾಸ ಕೊಡುವುದು, ಮುಂದಿನ ಭೇಟಿಯಲ್ಲಿ ಅದು ಏನಾಯಿತೆಂದು ಕೇಳುವುದು ಚಿಕಿತ್ಸಕರ ಪಾಲಿನ ಕೆಲಸ.

ಹೊಸಬರು ತಂತ್ರಗಳನ್ನು ಕಲಿಯಲು ಅವಸರಪಡುತ್ತಾರೆ. ತಂತ್ರಗಳು ಬೆರಳೆಣಿಕೆಯಷ್ಟಿವೆ, ಕೆಲವು ತಿಂಗಳಲ್ಲಿ ಕಲಿತುಬಿಡಬಹುದು. ಕಷ್ಟವಿರುವುದು ಕೇಳುವುದರಲ್ಲಿ. ನೇರವಾಗಿ, ವಿವರವಾಗಿ, ತಡವರಿಸದೆ ಕೇಳಬೇಕು. ಉತ್ತರ ಬಂದಾಗ ಬೆಚ್ಚದೆ, ಬುದ್ಧಿ ಹೇಳದೆ ಕೂರಬೇಕು. ತರಬೇತಿಯ ಹೆಚ್ಚಿನ ಸಮಯ ಇದಕ್ಕೇ ಹೋಗಬೇಕು.

ಈ ಕೆಲಸದತ್ತ ಎಳೆಯುವುದೇನು

ಅಮೆರಿಕದ ಲೈಂಗಿಕತೆಯ ಸಂಶೋಧಕರಾದ ವಿಲಿಯಂ ಮಾಸ್ಟರ್ಸ್ ಮತ್ತು ವರ್ಜೀನಿಯಾ ಜಾನ್ಸನ್ 1970ರಲ್ಲಿ ತಮ್ಮ ಚಿಕಿತ್ಸಾ ವಿಧಾನವನ್ನು ಪ್ರಕಟಿಸುವವರೆಗೆ, ಲೈಂಗಿಕ ತೊಂದರೆಯೆಂದರೆ ಮನಸ್ಸಿನ ಆಳದ ಸಂಘರ್ಷ, ವರ್ಷಗಟ್ಟಲೆ ಮನೋವಿಶ್ಲೇಷಣೆ ಮಾಡಿದರಷ್ಟೇ ಬಗೆಹರಿದೀತು ಎಂಬ ನಂಬಿಕೆ ಬಲವಾಗಿತ್ತು. ಅವರು ಗಂಡು-ಹೆಣ್ಣು ಇಬ್ಬರನ್ನೂ ಜೊತೆಯಲ್ಲಿ ಕೂರಿಸಿ, ಇಬ್ಬರು ಚಿಕಿತ್ಸಕರ ಜೋಡಿಯಿಂದ, ಎರಡು ವಾರ ಎಡೆಬಿಡದೆ ಚಿಕಿತ್ಸೆ ಕೊಟ್ಟರು. ಅವರು ಹೇಳಿದಷ್ಟು ದೊಡ್ಡ ಯಶಸ್ಸನ್ನು ಆಮೇಲಿನವರು ಕಾಣಲಿಲ್ಲ, ನಿಜ. ಆದರೆ ಅಲ್ಪಾವಧಿಯಲ್ಲಿ, ನಿರ್ದಿಷ್ಟ ಅಭ್ಯಾಸಗಳಿಂದ ಬದಲಾವಣೆ ಸಾಧ್ಯ ಎಂಬುದು ಗಟ್ಟಿಯಾಗಿ ನಿಂತಿತು.

1976ರಲ್ಲಿ ಜಾಕ್ ಆನನ್ ಕೊಟ್ಟ ‘ಪ್ಲಿಸಿಟ್’ ಎಂಬ ನಾಲ್ಕು ಮೆಟ್ಟಿಲಿನ ಮಾದರಿಯನ್ನು ಬಹುತೇಕ ತರಬೇತಿಗಳಲ್ಲಿ ಹೇಳಿಕೊಡುತ್ತಾರೆ. ಮೊದಲು ಮಾತಾಡಲು ಅನುಮತಿ, ಆಮೇಲೆ ಬೇಕಾದಷ್ಟೇ ಮಾಹಿತಿ, ಆಮೇಲೆ ನಿರ್ದಿಷ್ಟ ಸಲಹೆ, ಕೊನೆಗೆ ಆಳವಾದ ಚಿಕಿತ್ಸೆ. ಬಹಳ ಜನರಿಗೆ ಮೊದಲ ಎರಡು ಮೆಟ್ಟಿಲೇ ಸಾಕಾಗುತ್ತವೆ. ಕೇವಲ ಸಂಭೋಗದಿಂದ ಸುಖದ ತುದಿ ಮುಟ್ಟದ ಹೆಣ್ಣು ತನ್ನಲ್ಲೇ ಏನೋ ಕೊರತೆಯಿದೆ ಎಂದುಕೊಂಡು ಎಷ್ಟೋ ವರ್ಷ ಕಳೆದಿರುತ್ತಾಳೆ. ಬಹಳಷ್ಟು ಹೆಂಗಸರಿಗೆ ಭಗಾಂಕುರದ (ಕ್ಲಿಟೋರಿಸ್) ನೇರ ಸ್ಪರ್ಶ ಬೇಕೇಬೇಕು, ದೇಹರಚನೆಯೇ ಹಾಗಿದೆ ಎಂದು ಒಬ್ಬರು ಸ್ಪಷ್ಟವಾಗಿ ಹೇಳಿದರೆ ಆ ಭಾರ ಒಂದೇ ಭೇಟಿಯಲ್ಲಿ ಇಳಿಯಬಹುದು. ಹಸ್ತಮೈಥುನದಿಂದ ಶಕ್ತಿ ಕುಂದಿತು ಎಂದು ನಂಬಿ, ಮದುವೆಗೇ ಹೆದರಿದ ಗಂಡಸಿನ ವಿಷಯವೂ ಅಷ್ಟೇ. ಇಷ್ಟು ಕಡಿಮೆ ಮಾತಿಗೆ ಇಷ್ಟು ನೋವು ತಗ್ಗುವ ಕೆಲಸಗಳು ಹೆಚ್ಚಿಲ್ಲ. ದೀರ್ಘಕಾಲ ಈ ವೃತ್ತಿಯಲ್ಲಿ ಉಳಿದವರನ್ನು ಹಿಡಿದಿಟ್ಟಿರುವುದು ಸಾಮಾನ್ಯವಾಗಿ ಇದೇ.

ಬಾಳಿಕೆ ಬರದ ಪ್ರೇರಣೆಗಳೂ ಇವೆ. ತನ್ನದೇ ದಾಂಪತ್ಯದ ಗಾಯಕ್ಕೆ ಉತ್ತರ ಹುಡುಕಲು ಬಂದವರು, ಎದುರು ಕುಳಿತವರ ಕಥೆಯಲ್ಲಿ ತಮ್ಮದನ್ನೇ ಕೇಳಿಸಿಕೊಳ್ಳುತ್ತಾರೆ. ಅಂಥವರು ಮೊದಲು ಬೇರೊಬ್ಬ ಚಿಕಿತ್ಸಕರ ಬಳಿ ತಮ್ಮ ವಿಷಯ ಮುಗಿಸಿಕೊಂಡು ಬರುವುದು ಒಳ್ಳೆಯದು. ಇತರರ ಖಾಸಗಿ ಬದುಕಿನ ಬಗ್ಗೆ ಬರೀ ಕುತೂಹಲವಿದ್ದರೆ ಅದು ಕೆಲವೇ ತಿಂಗಳಲ್ಲಿ ತೀರುತ್ತದೆ. ಆಮೇಲೆ ಉಳಿಯುವುದು ಒಂದೇ ಬಗೆಯ ದೂರು, ಒಂದೇ ಬಗೆಯ ಮೌನ, ಅದನ್ನು ಮತ್ತೆ ಮತ್ತೆ ತಾಳ್ಮೆಯಿಂದ ಬಿಡಿಸುವ ಕೆಲಸ.

ಓದು ಮತ್ತು ತರಬೇತಿ

ನೇರವಾಗಿ ಲೈಂಗಿಕ ಚಿಕಿತ್ಸೆಯಿಂದ ಶುರುಮಾಡಲು ಆಗುವುದಿಲ್ಲ, ಆಗಲೂಬಾರದು. ಮೊದಲು ಕ್ಲಿನಿಕಲ್ ಸೈಕಾಲಜಿ, ಆಪ್ತಸಮಾಲೋಚನೆ, ಮನೋವೈದ್ಯಕೀಯ ಸಮಾಜಕಾರ್ಯ ಅಥವಾ ವೈದ್ಯಕೀಯದಲ್ಲಿ ಪದವಿ ಪಡೆದು, ಅದಕ್ಕೆ ಬೇಕಾದ ನೋಂದಣಿ ಮಾಡಿಸಿ, ಕನಿಷ್ಠ ಒಂದೆರಡು ವರ್ಷ ಸಾಮಾನ್ಯ ಚಿಕಿತ್ಸೆಯ ಅನುಭವ ಗಳಿಸಬೇಕು. ಕಾರಣ ಸರಳ. ‘ಆಸಕ್ತಿಯೇ ಇಲ್ಲ’ ಎಂದು ಬಂದವರಲ್ಲಿ ಖಿನ್ನತೆ ಇರಬಹುದು, ಬಾಲ್ಯದ ಲೈಂಗಿಕ ದೌರ್ಜನ್ಯ ಇರಬಹುದು, ಆತ್ಮಹತ್ಯೆಯ ಯೋಚನೆಯೂ ಇರಬಹುದು. ಅವನ್ನು ಗುರುತಿಸಿ ನಿಭಾಯಿಸಲು ಬಾರದವರ ಕೈಯಲ್ಲಿ ಲೈಂಗಿಕ ಅಭ್ಯಾಸಗಳು ಹಾನಿ ಮಾಡುತ್ತವೆ.

ಅದರ ಮೇಲೆ ವಿಶೇಷ ತರಬೇತಿ. ಎಷ್ಟು ಬೇಕು ಎಂಬುದಕ್ಕೆ ಅಳತೆಗೋಲಾಗಿ ಲೈಂಗಿಕ ಶಿಕ್ಷಕರು ಮತ್ತು ಚಿಕಿತ್ಸಕರ ಅಮೆರಿಕದ ಸಂಘವಾದ ‘ಆಸೆಕ್ಟ್’ನ ಪ್ರಮಾಣಪತ್ರದ ನಿಯಮ ನೋಡಬಹುದು. ಮಾನವ ಲೈಂಗಿಕತೆಯ ಬಗ್ಗೆ 90 ಗಂಟೆ ಪಾಠ, ಲೈಂಗಿಕ ಚಿಕಿತ್ಸೆಯ ಬಗ್ಗೆ 60 ಗಂಟೆ, ಮೇಲ್ವಿಚಾರಣೆಯಡಿ 300 ಗಂಟೆ ಚಿಕಿತ್ಸೆ, ಆ ಕೇಸುಗಳನ್ನು ಅನುಭವಿಗಳ ಜೊತೆ ಕೂತು ಪರಿಶೀಲಿಸುವ 50 ಗಂಟೆ ಸೂಪರ್‌ವಿಷನ್. ಬ್ರಿಟನ್ನಿನ ಲೈಂಗಿಕ ಮತ್ತು ಸಂಬಂಧ ಚಿಕಿತ್ಸಕರ ಸಂಸ್ಥೆಯೂ (COSRT) ಇಂಥದೇ ದಾರಿ ಹಾಕಿಕೊಟ್ಟಿದೆ. ನಿಯಮಗಳು ಕಾಲಕಾಲಕ್ಕೆ ಬದಲಾಗುವುದರಿಂದ ಅರ್ಜಿ ಹಾಕುವ ಮುನ್ನ ಆಯಾ ಸಂಸ್ಥೆಯ ಇತ್ತೀಚಿನ ಪಟ್ಟಿಯನ್ನು ಓದಿಕೊಳ್ಳಬೇಕು. ‘ಸೆಕ್ಸ್ ಥೆರಪಿಸ್ಟ್’ ಎಂಬ ಹೆಸರನ್ನು ಯಾರು ಬಳಸಬಹುದು ಎಂಬ ಕಾನೂನು ಪ್ರತಿ ದೇಶದಲ್ಲೂ ಬೇರೆ. ಅನೇಕ ಕಡೆ ಈ ಹೆಸರಿಗೆ ಕಾವಲೇ ಇಲ್ಲ. ಹಾಗಾಗಿಯೇ ಮೂಲ ಪದವಿಯ ನೋಂದಣಿ ಇನ್ನಷ್ಟು ಮುಖ್ಯ: ತಪ್ಪಾದರೆ ಜನ ದೂರು ಕೊಡಲು ಒಂದು ಜಾಗ ಇರಬೇಕು.

ವಾರಾಂತ್ಯದ ಎರಡು ದಿನದ ಕೋರ್ಸು ಮಾಡಿ ಫಲಕ ತೂಗುಹಾಕುವವರಿದ್ದಾರೆ. ಕೋರ್ಸು ಆರಿಸುವಾಗ ಕೆಲವು ಪ್ರಶ್ನೆ ಕೇಳಿ. ನಿಜವಾದ ಕೇಸುಗಳನ್ನು ಎಷ್ಟು ಗಂಟೆ ನೋಡಬೇಕಾಗುತ್ತದೆ? ಅವನ್ನು ಯಾರು ಪರಿಶೀಲಿಸುತ್ತಾರೆ, ಅವರು ಈಗಲೂ ಚಿಕಿತ್ಸೆ ಕೊಡುತ್ತಿದ್ದಾರೆಯೇ? ಒಪ್ಪಿಗೆ ಪಡೆದು ಮಾಡಿದ ಭೇಟಿಯ ಧ್ವನಿಮುದ್ರಣವನ್ನು ಯಾರಾದರೂ ಕೇಳುತ್ತಾರೆಯೇ, ಇಲ್ಲ ನೀವು ಹೇಳಿದ್ದನ್ನಷ್ಟೇ ನಂಬುತ್ತಾರೆಯೇ? ಕೊನೆಯ ಪ್ರಶ್ನೆ ತೀರಾ ಮುಖ್ಯ. ಕಲಿಯುವವರು ತಾವು ಎಲ್ಲಿ ಮಾತು ತಿರುಗಿಸಿದರು ಎಂಬುದು ಅವರಿಗೇ ಗೊತ್ತಿರುವುದಿಲ್ಲ. ಎದುರಿನವರು ‘ಮಧ್ಯದಲ್ಲಿ ನೋವಾಗುತ್ತದೆ’ ಎಂದಾಗ ಇವರು ‘ಮನೆಯಲ್ಲಿ ಯಾರ್‍ಯಾರಿದ್ದೀರಿ?’ ಎಂದು ಕೇಳಿರುತ್ತಾರೆ. ಧ್ವನಿಮುದ್ರಣದಲ್ಲಿ ಅದು ಎದ್ದು ಕಾಣುತ್ತದೆ.

ಒಳ್ಳೆಯ ತರಬೇತಿಗಳಲ್ಲಿ ‘ಸಾರ್’ ಎಂಬ ಒಂದು ಭಾಗ ಇರುತ್ತದೆ: ಲೈಂಗಿಕತೆಯ ಬಗ್ಗೆ ನಮ್ಮ ಧೋರಣೆಗಳನ್ನು ನಾವೇ ಮರುಪರಿಶೀಲಿಸುವ ಗುಂಪು ಕಾರ್ಯಾಗಾರ. ವೃದ್ಧರ ಕಾಮ, ಅಂಗವಿಕಲರ ಕಾಮ, ಸಲಿಂಗ ಸಂಬಂಧ, ಬಂಧನ-ಶರಣಾಗತಿಯ ಆಟಗಳು ಹೀಗೆ ಬಗೆಬಗೆಯ ವಿಷಯಗಳನ್ನು ನೋಡಿಸಿ, ಕೇಳಿಸಿ, ಆಮೇಲೆ ಸಣ್ಣ ಗುಂಪಿನಲ್ಲಿ ಮಾತಾಡಿಸುತ್ತಾರೆ. ಎಲ್ಲವನ್ನೂ ಇಷ್ಟಪಡಬೇಕೆಂದಿಲ್ಲ. ಎಲ್ಲಿ ಅಸಹ್ಯವಾಯಿತು, ಎಲ್ಲಿ ಉದ್ರೇಕವಾಯಿತು, ಎಲ್ಲಿ ಬೇಸರವಾಯಿತು ಎಂದು ಪ್ರಾಮಾಣಿಕವಾಗಿ ಬರೆದುಕೊಳ್ಳಬೇಕು. ಆ ಮೂರೂ ಜಾಗಗಳಲ್ಲಿ ಚಿಕಿತ್ಸಕರು ಕುರುಡಾಗುತ್ತಾರೆ.

ದೇಹದ ಬಗ್ಗೆ ತಿಳಿದಿರಲೇಬೇಕಾದ್ದು

ವೈದ್ಯರಲ್ಲದವರೂ ಯಾವಾಗ ವೈದ್ಯರ ಬಳಿ ಕಳಿಸಬೇಕು ಎಂಬುದನ್ನು ಅರಿತಿರಬೇಕು. ನಿಮಿರುವಿಕೆಯ ತೊಂದರೆ ಹೃದ್ರೋಗದ ಮುನ್ಸೂಚನೆ ಇರಬಹುದು. ಶಿಶ್ನದ ರಕ್ತನಾಳಗಳು ಹೃದಯದ ನಾಳಗಳಿಗಿಂತ ಸಣ್ಣವು, ಹಾಗಾಗಿ ನಾಳಗಳು ಕೆಡತೊಡಗಿದಾಗ ತೊಂದರೆ ಮೊದಲು ಅಲ್ಲಿ ಕಾಣುತ್ತದೆ. ಆದ್ದರಿಂದ ಸಕ್ಕರೆ, ರಕ್ತದೊತ್ತಡ, ಕೊಲೆಸ್ಟ್ರಾಲ್ ಪರೀಕ್ಷೆಯಾಗದೆ ಯಾರಿಗೂ ‘ಇದು ಟೆನ್ಶನ್’ ಎಂದು ಹೇಳಬೇಡಿ. ಟೆಸ್ಟೋಸ್ಟೆರಾನ್ ಪರೀಕ್ಷೆಗೆ ರಕ್ತ ಕೊಡಬೇಕಾದ್ದು ಬೆಳಗಿನ ಹೊತ್ತು. ಕಡಿಮೆ ಬಂದರೆ ಇನ್ನೊಂದು ದಿನ ಮತ್ತೆ ಮಾಡಿಸಬೇಕು. ನಿಮಿರುವಿಕೆಗಾಗಿ 1998ರಲ್ಲಿ ಬಂದ ಸಿಲ್ಡೆನಾಫಿಲ್ (ವಯಾಗ್ರ) ಮಾತ್ರೆಯನ್ನು ಹೃದಯಕ್ಕಾಗಿ ನೈಟ್ರೇಟ್ ಔಷಧಿ ತೆಗೆದುಕೊಳ್ಳುವವರು ನುಂಗಿದರೆ ರಕ್ತದೊತ್ತಡ ಅಪಾಯಕಾರಿಯಾಗಿ ಕುಸಿಯುತ್ತದೆ. ಅಂಗಡಿಯಲ್ಲಿ ಕೇಳಿ ತಂದು ನುಂಗುವವರು ಇರುವುದರಿಂದ ಇದನ್ನು ಪ್ರತಿಯೊಬ್ಬರಲ್ಲೂ ಕೇಳಿ.

ಖಿನ್ನತೆಗೆ ಕೊಡುವ ಎಸ್‌ಎಸ್‌ಆರ್‌ಐ ಮಾತ್ರೆಗಳು ಬಯಕೆಯನ್ನು ತಗ್ಗಿಸುತ್ತವೆ, ಪರಾಕಾಷ್ಠೆಯನ್ನು ತಡಮಾಡುತ್ತವೆ. ಕೆಲವು ಮನೋರೋಗದ ಔಷಧಿಗಳು ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ಏರಿಸಿ ಅದೇ ಕೆಲಸ ಮಾಡುತ್ತವೆ. ಹೆಣ್ಣಿನಲ್ಲಿ ಸಂಭೋಗದ ನೋವಿಗೆ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೂ ಬೆಳೆಯುವ ಕಾಯಿಲೆ), ಸೋಂಕು, ಚರ್ಮದ ಕಾಯಿಲೆ, ಮುಟ್ಟು ನಿಂತ ಮೇಲೆ ಅಥವಾ ಹಾಲೂಡಿಸುವಾಗ ಈಸ್ಟ್ರೋಜನ್ ಕಡಿಮೆಯಾಗಿ ಯೋನಿ ಒಣಗುವುದು ಇವೆಲ್ಲ ಕಾರಣ. ನೋವಿನ ದೂರು ಬಂದರೆ ಮೊದಲು ಸ್ತ್ರೀರೋಗ ತಜ್ಞರ ಪರೀಕ್ಷೆ, ಆಮೇಲೆ ಮಾತು.

ಮೊದಲ ಭೇಟಿಗಳು

ಜೋಡಿ ಬಂದರೆ ಮೊದಲ ಭೇಟಿ ಜೊತೆಯಲ್ಲಿ, ಆಮೇಲೆ ಒಬ್ಬೊಬ್ಬರದೂ ಪ್ರತ್ಯೇಕ, ನಾಲ್ಕನೆಯದರಲ್ಲಿ ಮತ್ತೆ ಇಬ್ಬರನ್ನೂ ಕೂರಿಸಿ ನಿಮಗೆ ಅರ್ಥವಾದದ್ದನ್ನು ಹೇಳುವುದು. ಒಬ್ಬರಿಗೆ 50 ನಿಮಿಷ, ಜೋಡಿಗೆ 75ರಿಂದ 90 ನಿಮಿಷ ಇಟ್ಟುಕೊಳ್ಳಿ.

ಪ್ರತ್ಯೇಕ ಭೇಟಿ ಬಿಡಬಾರದು. ಹೊಡೆತ, ಬೆದರಿಕೆ, ಬಲವಂತದ ಸಂಭೋಗ ಇವೆಯೇ ಎಂದು ಸಂಗಾತಿಯ ಎದುರು ಕೇಳಿದರೆ ‘ಇಲ್ಲ’ ಎಂಬ ಉತ್ತರಕ್ಕೆ ಅರ್ಥವಿಲ್ಲ, ‘ಹೌದು’ ಎಂದರೆ ಮನೆಗೆ ಹೋದ ಮೇಲೆ ಅಪಾಯ. ಹಿಂಸೆ ನಡೆಯುತ್ತಿದ್ದರೆ ಜೋಡಿ ಚಿಕಿತ್ಸೆ ನಿಲ್ಲಿಸಿ. ‘ಇಬ್ಬರೂ ಹೊಂದಿಕೊಂಡು ಹೋಗಿ’ ಎಂಬ ಮಾತಿಗೆ ಅಲ್ಲಿ ಜಾಗವಿಲ್ಲ. ಸುರಕ್ಷತೆಯ ಯೋಜನೆ, ಕಾನೂನಿನ ನೆರವು, ಪ್ರತ್ಯೇಕ ಬೆಂಬಲ ಮೊದಲು. ಬಯಕೆ ಇಲ್ಲವೆಂದು ಕರೆತರಲಾದವರಿಗೆ ನಿಜಕ್ಕೂ ಭಯ ಇದೆ ಎಂದು ಎಷ್ಟೋ ಸಲ ಇಲ್ಲೇ ಗೊತ್ತಾಗುತ್ತದೆ.

ಗುಟ್ಟಿನ ನಿಯಮವನ್ನು ಮೊದಲ ದಿನವೇ ಬರವಣಿಗೆಯಲ್ಲಿ ಕೊಟ್ಟು ಸಹಿ ಪಡೆಯಿರಿ. ಪ್ರತ್ಯೇಕ ಭೇಟಿಯಲ್ಲಿ ಹೇಳಿದ್ದನ್ನು ಇನ್ನೊಬ್ಬರಿಂದ ಮುಚ್ಚಿಡುತ್ತೀರೋ ಇಲ್ಲವೋ? ಎರಡೂ ಬಗೆಯ ಚಿಕಿತ್ಸಕರಿದ್ದಾರೆ. ಯಾವುದಾದರೂ ಒಂದನ್ನು ಹಿಡಿಯಿರಿ, ಆದರೆ ನಡುದಾರಿಯಲ್ಲಿ ಬದಲಿಸಬೇಡಿ. ನಮ್ಮ ಒಲವು ಇದು: ಹಳೆಯ ಖಾಸಗಿ ವಿಷಯಗಳನ್ನು ಗುಟ್ಟಾಗಿಡುವುದು, ಈಗಲೂ ನಡೆಯುತ್ತಿರುವ ಬೇರೆ ಸಂಬಂಧದಂಥದು ಚಿಕಿತ್ಸೆಯನ್ನೇ ಸುಳ್ಳಾಗಿಸುವಂತಿದ್ದರೆ, ಅದನ್ನು ಹೇಳಲು ಆ ವ್ಯಕ್ತಿಗೆ ಸಮಯ ಕೊಡುವುದು, ಹೇಳಲು ಒಪ್ಪದಿದ್ದರೆ ಜೋಡಿ ಚಿಕಿತ್ಸೆ ಮುಂದುವರಿಸದಿರುವುದು. ಮಕ್ಕಳ ಮೇಲಿನ ದೌರ್ಜನ್ಯ, ಜೀವಕ್ಕೆ ಅಪಾಯ ಇವು ಗುಟ್ಟಿನ ವ್ಯಾಪ್ತಿಗೆ ಬರುವುದಿಲ್ಲ ಎಂಬುದನ್ನೂ ಅದೇ ಹಾಳೆಯಲ್ಲಿ ಬರೆಯಿರಿ.

ಇನ್ನು ಪ್ರಶ್ನೆಗಳು. ‘ಸಂಬಂಧ ಹೇಗಿದೆ?’ ಎಂದರೆ ‘ಪರವಾಗಿಲ್ಲ’ ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯದು. ‘ಕೊನೆಯ ಸಲ ನೀವಿಬ್ಬರೂ ಪ್ರಯತ್ನಿಸಿದ್ದು ಯಾವಾಗ? ಯಾರು ಶುರುಮಾಡಿದರು? ಆಗ ಮನಸ್ಸಿನಲ್ಲಿ ಏನು ಓಡುತ್ತಿತ್ತು? ನಿಮಿರುವಿಕೆ ಯಾವ ಹಂತದಲ್ಲಿ ಹೋಯಿತು, ಒಳಗೆ ಹೋಗುವ ಮೊದಲೋ ಆಮೇಲೋ? ಆ ಕ್ಷಣ ಇಬ್ಬರೂ ಏನು ಹೇಳಿದಿರಿ?’ ಹೀಗೆ ಒಂದೇ ಘಟನೆಯನ್ನು ನಿಮಿಷ ನಿಮಿಷವಾಗಿ ಬಿಡಿಸಿ. ಬೆಳಗ್ಗೆ ಏಳುವಾಗ, ಒಬ್ಬರೇ ಇದ್ದಾಗ ನಿಮಿರುವಿಕೆ ಸರಿಯಾಗಿದ್ದು ಸಂಗಾತಿಯ ಜೊತೆ ಮಾತ್ರ ಹೋಗುತ್ತಿದ್ದರೆ ಮನಸ್ಸಿನ ಪಾತ್ರ ದೊಡ್ಡದು ಎಂಬ ಸುಳಿವು. ಅದು ಸುಳಿವಷ್ಟೇ, ತೀರ್ಮಾನವಲ್ಲ.

ದೇಹದ ಭಾಗಗಳಿಗೆ ಅವರು ಬಳಸುವ ಮಾತನ್ನೇ ಕೇಳಿ ತಿಳಿದುಕೊಂಡು ಅದನ್ನೇ ಬಳಸಿ. ಮಾತೇ ಹೊರಡದಿದ್ದರೆ ಚಿತ್ರ ತೋರಿಸಿ, ಬೆರಳಿಟ್ಟು ತೋರಿಸಲು ಹೇಳಿ. ‘ಅದು’, ‘ಕೆಳಗೆ’ ಎಂಬ ಮಾತುಗಳನ್ನು ಹಾಗೇ ಬಿಟ್ಟರೆ ನೋವು ಯೋನಿಯ ಬಾಯಲ್ಲೋ ಒಳಗೋ ಎಂಬುದು ತಿಂಗಳಾದರೂ ಗೊತ್ತಾಗುವುದಿಲ್ಲ.

ಸಿಕ್ಕ ವಿವರಗಳನ್ನು ಮೂರು ಗುಂಪಿಗೆ ಹಾಕಿ: ಮೊದಲಿನಿಂದಲೂ ಇದ್ದ ಕಾರಣಗಳು, ತೊಂದರೆಯನ್ನು ಹುಟ್ಟುಹಾಕಿದ ಘಟನೆ, ಇವತ್ತಿಗೂ ಅದನ್ನು ಉಳಿಸಿಕೊಂಡು ಬಂದಿರುವುದು. ಚಿಕಿತ್ಸೆ ಶುರುವಾಗಬೇಕಾದ್ದು ಮೂರನೆಯದರಿಂದ. ಒಂದು ಸಲ ಕುಡಿದು ಸುಸ್ತಾಗಿದ್ದಾಗ ನಿಮಿರುವಿಕೆ ಆಗಲಿಲ್ಲ. ಅದು ಎಂದೋ ಮುಗಿದ ಕಥೆ. ಆಮೇಲಿಂದ ಪ್ರತಿ ಸಲವೂ ‘ಈಗ ಆಗುತ್ತದೋ ಇಲ್ಲವೋ’ ಎಂದು ತನ್ನನ್ನು ತಾನೇ ನೋಡುತ್ತಾ ಇರುವುದು ತೊಂದರೆಯನ್ನು ಉಳಿಸಿದೆ. ಜಾನ್ ಬ್ಯಾಂಕ್ರಾಫ್ಟ್ ಮತ್ತು ಎರಿಕ್ ಯಾನ್ಸೆನ್ ವಿವರಿಸಿದ ಇಬ್ಬಗೆಯ ನಿಯಂತ್ರಣದ ಮಾದರಿ ಇದನ್ನು ಜನರಿಗೆ ತಿಳಿಹೇಳಲು ಅನುಕೂಲ. ಉದ್ರೇಕಕ್ಕೆ ಗಾಡಿಯಂತೆ ಆಕ್ಸಿಲರೇಟರೂ ಇದೆ, ಬ್ರೇಕೂ ಇದೆ. ಬ್ರೇಕ್ ಒತ್ತಿಕೊಂಡೇ ಇದ್ದರೆ ಆಕ್ಸಿಲರೇಟರ್ ಎಷ್ಟು ತುಳಿದರೂ ಗಾಡಿ ಮುಂದೆ ಹೋಗದು. ಬಯಕೆಯ ವಿಷಯದಲ್ಲಿ ರೋಸ್‌ಮೇರಿ ಬ್ಯಾಸನ್ 2000ದಲ್ಲಿ ಮುಂದಿಟ್ಟ ಮಾದರಿಯನ್ನೂ ತಿಳಿಸಿ. ಎಲ್ಲರಲ್ಲೂ ಬಯಕೆ ಮೊದಲೇ ಹುಟ್ಟುವುದಿಲ್ಲ. ಹತ್ತಿರವಾದ ಮೇಲೆ, ಸ್ಪರ್ಶ ಹಿತವಾದ ಮೇಲೆ ಹುಟ್ಟುವ ಬಯಕೆಯೂ ಸಹಜವಾದದ್ದೇ. ಆದರೆ ಇದನ್ನು ‘ಮನಸ್ಸಿಲ್ಲದಿದ್ದರೂ ಒಪ್ಪಿಕೋ, ಆಮೇಲೆ ಬರುತ್ತದೆ’ ಎಂದು ಸಂಗಾತಿ ಬಳಸದಂತೆ ಎಚ್ಚರ ಕೊಡಿ.

ರೋಗವೆಂದು ಹೆಸರಿಡಲು ಆತುರ ಬೇಡ. ಅಮೆರಿಕದ ಮನೋವೈದ್ಯರ ಸಂಘದ 2013ರ ರೋಗನಿರ್ಣಯ ಕೈಪಿಡಿ ಡಿಎಸ್‌ಎಂ-5 ಪ್ರಕಾರ ಹೆಚ್ಚಿನ ತೊಂದರೆಗಳು ಸುಮಾರು 6 ತಿಂಗಳಾದರೂ ಇರಬೇಕು, ವ್ಯಕ್ತಿಗೆ ಅದರಿಂದ ಸಂಕಟವಾಗುತ್ತಿರಬೇಕು. ಶೀಘ್ರಸ್ಖಲನವೆಂದರೆ ಅಲ್ಲಿ ಸುಮಾರು 1 ನಿಮಿಷದೊಳಗೆ, ಬಯಸುವ ಮೊದಲೇ ಆಗುವುದು. ಹತ್ತು ನಿಮಿಷಕ್ಕೆ ಮುಗಿಯುತ್ತದೆಂದು ಕೊರಗುವವರಿಗೆ ಬೇಕಾದ್ದು ಮಾಹಿತಿ.

ಮನೆ ಅಭ್ಯಾಸ: ಸ್ಪರ್ಶದ ಹಂತಗಳು

ಮಾಸ್ಟರ್ಸ್ ಮತ್ತು ಜಾನ್ಸನ್ ಕೊಟ್ಟ ‘ಸೆನ್ಸೇಟ್ ಫೋಕಸ್’ ಇಂದಿಗೂ ಈ ವೃತ್ತಿಯ ಮುಖ್ಯ ಸಾಧನ. ಮೊದಲಿಗೆ ಸಂಭೋಗವನ್ನು ಇಬ್ಬರೂ ಒಪ್ಪಿ ಸ್ವಲ್ಪ ಕಾಲ ನಿಲ್ಲಿಸುತ್ತಾರೆ. ವಾರಕ್ಕೆ ಎರಡು ಮೂರು ಸಲ, ಫೋನು ದೂರವಿಟ್ಟು, ಒಬ್ಬರು ಮುಟ್ಟುವುದು, ಇನ್ನೊಬ್ಬರು ಸುಮ್ಮನೆ ಮಲಗಿರುವುದು, 15 ನಿಮಿಷದ ಮೇಲೆ ಅದಲುಬದಲು. ಸ್ತನ ಮತ್ತು ಜನನಾಂಗ ಬಿಟ್ಟು ಉಳಿದ ಮೈ ಮಾತ್ರ. ಮುಟ್ಟುವವರು ತಮ್ಮ ಕೈಗೆ ಏನು ತಿಳಿಯುತ್ತದೆ ಎಂಬುದನ್ನು ಗಮನಿಸಬೇಕು: ಬಿಸಿ-ತಂಪು, ಒತ್ತು, ಚರ್ಮದ ನುಣುಪು-ಒರಟು. ಎದುರಿನವರನ್ನು ಸಂತೋಷಪಡಿಸುವ ಹೊಣೆ ಅವರ ಮೇಲಿಲ್ಲ. ಮಲಗಿದವರಿಗೆ ಒಂದೇ ಕೆಲಸ: ಹಿತವೆನಿಸದಿದ್ದರೆ ಹೇಳುವುದು ಅಥವಾ ಕೈಯನ್ನು ಸರಿಸುವುದು. ಎರಡನೆಯ ಹಂತದಲ್ಲಿ ಸ್ತನ, ಜನನಾಂಗಗಳು ಸೇರುತ್ತವೆ, ಗುರಿ ಇನ್ನೂ ಉದ್ರೇಕವಲ್ಲ. ಮೂರನೆಯದರಲ್ಲಿ ಇಬ್ಬರೂ ಒಟ್ಟಿಗೆ ಮುಟ್ಟುತ್ತಾರೆ. ಆಮೇಲೆ ಅಲುಗಾಡದ ಪ್ರವೇಶ, ಕೊನೆಗೆ ಚಲನೆ. ಆತಂಕವಿಲ್ಲದೆ ಒಂದು ಹಂತ ಮಾಡಲಾದ ಮೇಲಷ್ಟೇ ಮುಂದಿನದು.

ಕೆಡುವುದು ಎಲ್ಲಿ? ಎರಡನೇ ವಾರಕ್ಕೇ ನಿಷೇಧ ಮುರಿದು ಸಂಭೋಗ ಮಾಡಿ, ‘ಸರಿಹೋಯಿತು’ ಎಂದು ಖುಷಿಯಿಂದ ಬರುತ್ತಾರೆ. ಬೈಯಬೇಡಿ, ಹೊಗಳಲೂ ಬೇಡಿ. ಯಾರು ಶುರುಮಾಡಿದರು, ಇನ್ನೊಬ್ಬರು ನಿಜವಾಗಿ ಒಪ್ಪಿದ್ದರೇ ಎಂದು ಕೇಳಿ, ಮತ್ತೆ ಆ ಹಂತಕ್ಕೇ ಕಳಿಸಿ. ಇನ್ನು ಕೆಲವರು ಇದನ್ನು ಮಸಾಜ್ ಮಾಡಿಬಿಡುತ್ತಾರೆ. ಆಗ ಮತ್ತೆ ಎದುರಿನವರನ್ನು ಮೆಚ್ಚಿಸುವ ಪರೀಕ್ಷೆ ಶುರುವಾಗುತ್ತದೆ, ಆತಂಕ ಹಿಂಬಾಗಿಲಿನಿಂದ ಒಳಬರುತ್ತದೆ. ಎಲ್ಲಕ್ಕಿಂತ ಸಾಮಾನ್ಯವಾದದ್ದು ಮಾಡದೇ ಬರುವುದು. ‘ಪುರುಸೊತ್ತಾಗಲಿಲ್ಲ’ ಎಂಬ ಉತ್ತರವನ್ನು ಅಲ್ಲಿಗೇ ಬಿಡಬಾರದು. ಯಾವ ದಿನ ಎಂದುಕೊಂಡಿದ್ದಿರಿ, ಆ ಸಂಜೆ ಏನಾಯಿತು ಎಂದು ಬಿಡಿಸಿದರೆ ಅಡಗಿದ್ದ ಸಿಟ್ಟು, ಮೈ ತೋರಿಸಲು ನಾಚಿಕೆ, ಬಾಗಿಲಿಗೆ ಚಿಲಕವಿಲ್ಲದಿರುವುದು ಹೀಗೆ ನಿಜವಾದ ಅಡ್ಡಿ ಹೊರಬರುತ್ತದೆ. ಸಿಟ್ಟು ಹೆಚ್ಚಿದ್ದರೆ ಸ್ಪರ್ಶದ ಅಭ್ಯಾಸ ಬದಿಗಿಟ್ಟು ಮೊದಲು ಸಂಬಂಧದ ಕೆಲಸ ಮಾಡಬೇಕು. 1980ರ ದಶಕದಲ್ಲಿ ಸೂ ಜಾನ್ಸನ್ ಮತ್ತು ಲೆಸ್ಲಿ ಗ್ರೀನ್‌ಬರ್ಗ್ ರೂಪಿಸಿದ ಭಾವಕೇಂದ್ರಿತ ಜೋಡಿ ಚಿಕಿತ್ಸೆಯನ್ನು ಕಲಿತಿರುವುದು ಇಲ್ಲಿ ಕೈಹಿಡಿಯುತ್ತದೆ.

ಉಳಿದ ಅಭ್ಯಾಸಗಳನ್ನು ಚುಟುಕಾಗಿ ಹೇಳಬಹುದು. ಶೀಘ್ರಸ್ಖಲನಕ್ಕೆ ಜೇಮ್ಸ್ ಸೀಮನ್ಸ್ 1956ರಲ್ಲಿ ಬರೆದ ನಿಲ್ಲಿಸು-ಶುರುಮಾಡು ವಿಧಾನ: ಇನ್ನೇನು ಆಗಿಬಿಡುತ್ತದೆ ಎನ್ನುವ ಮೊದಲೇ ನಿಲ್ಲಿಸಿ, ಉದ್ರೇಕ ಇಳಿದ ಮೇಲೆ ಮತ್ತೆ ಶುರು. ತೀರಾ ತಡವಾಗಿ ನಿಲ್ಲಿಸುವುದೇ ಇಲ್ಲಿನ ಸಾಮಾನ್ಯ ತಪ್ಪು. ಯೋನಿಯ ಸ್ನಾಯು ತಾನಾಗಿ ಬಿಗಿದುಕೊಳ್ಳುವ ವೆಜೈನಿಸ್ಮಸ್‌ಗೆ ಅವರದೇ ಬೆರಳು ಅಥವಾ ಒಳಗಿಡಲು ಸಣ್ಣದರಿಂದ ದೊಡ್ಡದಕ್ಕೆ ಹೋಗುವ ನಯವಾದ ಕೋಲುಗಳು, ಅಂದರೆ ಡೈಲೇಟರ್‌ಗಳು, ಬೇಕಾದಷ್ಟು ಜಾರು ಜೆಲ್ ಜೊತೆಗೆ. ಸಿಲಿಕೋನ್ ಡೈಲೇಟರ್‌ಗೆ ಸಿಲಿಕೋನ್ ಜೆಲ್ ಹಚ್ಚಿದರೆ ಅದರ ಮೈ ಹಾಳಾಗುತ್ತದೆ, ನೀರಿನಾಧಾರದ ಜೆಲ್ ಹೇಳಿ. ಹಲ್ಲುಕಚ್ಚಿ ನೋವು ತಡೆದುಕೊಂಡು ಮುಂದಿನ ಅಳತೆಗೆ ಹೋದರೆ ಸ್ನಾಯು ಇನ್ನಷ್ಟು ಬಿಗಿಯಲು ಕಲಿಯುತ್ತದೆ. ಸೊಂಟದ ತಳದ (ಶ್ರೋಣಿ) ಸ್ನಾಯುಗಳ ಫಿಸಿಯೋಥೆರಪಿಸ್ಟ್ ಸಿಕ್ಕರೆ ಜೊತೆಗೂಡಿ ಕೆಲಸ ಮಾಡಿ.

ಎಡವುವ ಜಾಗಗಳು

‘ನನಗೆ ಪೋರ್ನ್ ಚಟ’ ಎಂದು ಬಂದವರನ್ನೆಲ್ಲ ವ್ಯಸನಿಗಳೆಂದು ಬರೆದುಕೊಳ್ಳಬೇಡಿ. 2022ರಿಂದ ಜಾರಿಯಲ್ಲಿರುವ, ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ-11ರಲ್ಲಿ ನಿಯಂತ್ರಣ ತಪ್ಪಿದ ಲೈಂಗಿಕ ವರ್ತನೆಗೆ ಹೆಸರಿದೆ. ಆದರೆ ಅದು ಪಾಪವೆಂಬ ಭಾವನೆಯಿಂದಷ್ಟೇ ಹುಟ್ಟಿದ ಸಂಕಟ ಆ ಹೆಸರಿಗೆ ಸಾಲದು ಎಂದು ಅಲ್ಲೇ ಹೇಳಿದೆ. ಸಲಿಂಗ ಒಲವನ್ನು ‘ಬದಲಾಯಿಸಿಕೊಡಿ’ ಎಂದು ಮನೆಯವರು ಕರೆತಂದರೆ ಆ ಕೆಲಸ ಮಾಡುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿ. 1973ರಲ್ಲಿ ಅಮೆರಿಕದ ಮನೋವೈದ್ಯರ ಸಂಘವೂ 1990ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ರೋಗಗಳ ಪಟ್ಟಿಯಿಂದ ತೆಗೆದವು. ಬದಲಿಸುವ ‘ಚಿಕಿತ್ಸೆ’ ಹಾನಿ ಮಾಡುತ್ತದೆ. ಬಂದ ವ್ಯಕ್ತಿಯೊಡನೆ ಒಂಟಿಯಾಗಿ ಮಾತಾಡಿ, ಅವರಿಗೆ ನಿಜಕ್ಕೂ ಏನು ಬೇಕೆಂದು ಕೇಳಿ.

ಬಂದವರು ನಿಮ್ಮತ್ತ ಆಕರ್ಷಿತರಾಗುವುದು, ನಿಮಗೆ ಅವರತ್ತ ಆಕರ್ಷಣೆ ಹುಟ್ಟುವುದು ಎರಡೂ ಆಗುತ್ತವೆ. ಅದನ್ನು ಮುಚ್ಚಿಡುವುದು ಅಪಾಯ. ಅದೇ ವಾರ ಸೂಪರ್‌ವೈಸರ್ ಎದುರು ಹೇಳಿ. ನಿಮ್ಮ ಸ್ವಂತ ಲೈಂಗಿಕ ಬದುಕಿನ ಬಗ್ಗೆ ಕೇಳಿದರೆ ಉತ್ತರಿಸಬೇಕಿಲ್ಲ. ‘ಅದು ತಿಳಿದರೆ ನಿಮಗೆ ಏನು ಸುಲಭವಾಗುತ್ತದೆ?’ ಎಂದು ಕೇಳಿದರೆ ಸಾಮಾನ್ಯವಾಗಿ ನಿಜವಾದ ಆತಂಕ ಹೊರಬರುತ್ತದೆ.

ಆನ್‌ಲೈನ್ ಭೇಟಿಯಲ್ಲಿ ಪ್ರತಿ ಸಲ ಮೊದಲು ಕೇಳಬೇಕಾದ್ದು: ಈಗ ಎಲ್ಲಿದ್ದೀರಿ, ಕೋಣೆಯಲ್ಲಿ ಬೇರೆ ಯಾರಾದರೂ ಇದ್ದಾರೆಯೇ, ಇಯರ್‌ಫೋನ್ ಹಾಕಿದ್ದೀರಾ. ಯಾರಾದರೂ ಒಳಬಂದರೆ ಮಾತು ಬದಲಿಸಲು ಒಂದು ಗುರುತಿನ ಪದ ಗೊತ್ತುಮಾಡಿಕೊಳ್ಳಿ.

ಕಡತದಲ್ಲಿ ಚಿಕಿತ್ಸೆಗೆ ಬೇಕಾದಷ್ಟನ್ನೇ ಬರೆಯಿರಿ. ಜೋಡಿಯ ಜಂಟಿ ಟಿಪ್ಪಣಿ ಮತ್ತು ಒಬ್ಬೊಬ್ಬರ ಟಿಪ್ಪಣಿ ಬೇರೆ ಬೇರೆ ಇರಲಿ. ಮುಂದೆ ವಿಚ್ಛೇದನದ ಕೋರ್ಟಿಗೆ ಒಬ್ಬರು ಕಾಗದ ಕೇಳಿದಾಗ ಇನ್ನೊಬ್ಬರ ಮಾತು ಅದರ ಜೊತೆ ಹೋಗಬಾರದು. ಮೊದಲ ವರ್ಷ ವಾರಕ್ಕೆ ಕೆಲವೇ ಲೈಂಗಿಕ ಕೇಸು ತೆಗೆದುಕೊಂಡು, ಉಳಿದ ಸಮಯ ಸಾಮಾನ್ಯ ಸಮಾಲೋಚನೆ ಮಾಡಿ. ಒಬ್ಬ ಸ್ತ್ರೀರೋಗ ತಜ್ಞರು, ಒಬ್ಬ ಮೂತ್ರರೋಗ ತಜ್ಞರು, ಒಬ್ಬ ಮನೋವೈದ್ಯರ ಪರಿಚಯ ಮಾಡಿಕೊಂಡು, ನೀವು ಏನು ಮಾಡುತ್ತೀರಿ, ಏನು ಮಾಡುವುದಿಲ್ಲ ಎಂದು ಒಂದೇ ಪುಟದಲ್ಲಿ ಬರೆದು ಕೊಡಿ. ಮೊದಲ ಕೇಸುಗಳು ಹೆಚ್ಚಾಗಿ ಅವರಿಂದಲೇ ಬರುತ್ತವೆ.